ನಿರ್ಬಂಧ ಯಾರಿಗ್ರೀ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮ್ಮ ಹುಡುಗರು ಕೂಡಿ ಒಂದು ಆ್ಯಪ್ ಮಾಡ್ಯಾರ. ಹಾಸ್ಟೆಲ್, ಸ್ಕಾಲರ್‌ಶಿಪ್ ಅರ್ಜಿ ಹೆಂಗ ತುಂಬಬೇಕು ಅಂತ ಕನ್ನಡದಾಗ ಹೇಳಿಕೊಡ್ತೈತಿ. ಕೋಡ್ ಎಲ್ಲರಿಗೂ ಮುಕ್ತ ಇಡೋಣ ಅನ್ನೋದಕ್ಕ ಯಾರ ತಕರಾರೂ ಇಲ್ಲ. ಜಗಳ ಇರೋದು ಲೈಸೆನ್ಸಿನ ಮ್ಯಾಲೆ. "ಎಂಐಟಿ ಹಾಕ್ರಿ, ಅದು ಉದಾರ. ಜಿಪಿಎಲ್ ಅಂದ್ರ ಬರೀ ನಿರ್ಬಂಧ" ಅಂತ ಬೆಂಗಳೂರಿನ ಐಟಿ ಗೆಳೆಯರು ಬುದ್ಧಿ ಹೇಳ್ಯಾರ.

ನಿರ್ಬಂಧ ಯಾರಿಗೆ ಅಂತ ಕೇಳ್ರಿ ಮೊದಲ. ಎಂಐಟಿ, ಬಿಎಸ್‌ಡಿ ಹೇಳೋದು ಇಷ್ಟ: ನಮ್ಮ ಹೆಸರು, ಲೈಸೆನ್ಸಿನ ಒಕ್ಕಣೆ ಉಳಿಸು, ಆಮ್ಯಾಲೆ ತಿದ್ದಿ ಕೀಲಿ ಹಾಕಿ ಮಾರಿದ್ರೂ ಅಡ್ಡಿಯಿಲ್ಲ. ಜಿಪಿಎಲ್ಲೂ ಮಾರಬ್ಯಾಡ ಅನ್ನೂದಿಲ್ಲ. ತಿದ್ದಿದ್ದನ್ನ ಇನ್ನೊಬ್ಬರಿಗೆ ಕೊಟ್ರ ಮೂಲ ಕೋಡನ್ನೂ, ಅದೇ ಹಕ್ಕನ್ನೂ ಕೊಡು ಅಂತೈತಿ. ನೀರು ಕುಡಿಯೋವಗ ಇದರಿಂದ ಏನೂ ತ್ರಾಸಿಲ್ಲ, ಬೇಲಿ ಹಾಕೋವಗ ಮಾತ್ರ ಐತಿ.

ನೀರಿನ ಮಾತು ಸುಮ್ನ ತಂದಿಲ್ಲ. ನಮ್ಮ ಜಿಲ್ಲಾ ಆಗ ಮುಂಬೈ ಪ್ರಾಂತ್ಯದಾಗ ಇತ್ತು. ಸಾರ್ವಜನಿಕ ಕೆರೆ-ಬಾವಿ ಅಸ್ಪೃಶ್ಯರಿಗೂ ಮುಕ್ತ ಇರಲಿ ಅಂತ 1923ರಾಗ ಎಸ್.ಕೆ. ಬೋಲೆ ಅವರ ಠರಾವ್ ಮುಂಬೈ ಶಾಸನಸಭೆಯೊಳಗ ಪಾಸಾತು. ಮಹಾಡ ಪುರಸಭೆನೂ ತನ್ನ ಕೆರೆ ಮುಕ್ತ ಅಂತು. ಕಾಗದದ ಮ್ಯಾಲೆ ಎಷ್ಟು ಉದಾರ! ತಡೆಯೋವನ ಕೈ ಹಿಡಿಯೋ ಕಲಂ ಇರಲಿಲ್ಲ ಅಷ್ಟ. 1927ರ ಮಾರ್ಚ್ 20ಕ್ಕ ಬಾಬಾಸಾಹೇಬರು ಚವದಾರ ಕೆರೆ ನೀರು ಕುಡಿದ್ರು. ನಮ್ಮವರಿಗೆ ಹೊಡೆತ ಬಿದ್ದವು, ಪುರಸಭೆ ಠರಾವ್ ವಾಪಸ್ ತಗೊಂತು, ಹೈಕೋರ್ಟ್ ತೀರ್ಪಿಗೆ 1937 ಬರಬೇಕಾತು. ಮುಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ಆಚರಿಸೋದನ್ನ ನಿಷೇಧ ಮಾಡ್ತು. ಅದೂ ನಿರ್ಬಂಧನ ಅಲ್ಲೇನ್ರಿ?

ಕೋಡಿನ್ಯಾಗೂ ಇದೇ ಕಥಿ. ಬಿಎಸ್‌ಡಿ ಲೈಸೆನ್ಸಿನ ಮಿನಿಕ್ಸ್ ಅನ್ನ ಇಂಟೆಲ್ ತಿದ್ದಿ ತನ್ನ ಚಿಪ್ಪಿನೊಳಗ ಮುಚ್ಚಿಟ್ಟಿತು. ಮಿನಿಕ್ಸ್ ಕಟ್ಟಿದ ತಾನೆನ್‌ಬಾಮ್ ಅವರಿಗೆ ಅದು 2017ರಾಗ ಸುದ್ದಿ ಓದಿ ತಿಳೀತು. (ಅವರು ಬಿಎಸ್‌ಡಿ ಪರನ, ಒಂದು ಮಾತು ಹೇಳಿದ್ರ ಚಲೋ ಇತ್ತು ಅಂದ್ರು ಅಷ್ಟ. ದೊಡ್ಡ ಮನಸ್ಸು.) ಲಿಂಕ್‌ಸಿಸ್ ರೌಟರಿನ್ಯಾಗ ಜಿಪಿಎಲ್‌ನ ಲಿನಕ್ಸ್ ಇತ್ತು. 2003ರಾಗ ಕಂಪನಿ ಕೋಡ್ ಹೊರಗ ಹಾಕಬೇಕಾತು, ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು.

"ಜಿಪಿಎಲ್ ಹಾಕಿದ್ರ ಕಂಪನಿಯವರು ಮುಟ್ಟೂದಿಲ್ಲ" ಅಂತಾರ. ಮುಟ್ಟೂದಿಲ್ಲ ಅನ್ನೋ ಮಾತು ನಮಗೇನು ಹೊಸದಲ್ಲ ಬಿಡ್ರಿ.

ಒಂದು ಸಂದಿ ಮಾತ್ರ ಐತಿ. ಯಾರಿಗೂ ಕೋಡ್ ಕೊಡದ, ತಿದ್ದಿ ತಮ್ಮ ಸರ್ವರ್‌ನ್ಯಾಗ ಓಡಿಸಿದ್ರ ಜಿಪಿಎಲ್ ಹಿಡಿಯೂದಿಲ್ಲ. ಆ ಸಂದಿ ಮುಚ್ಚಾಕ 2007ರ ಎಜಿಪಿಎಲ್ ಮೂರನೇ ಆವೃತ್ತಿ ಐತಿ. ನನ್ನ ವೋಟು ಅದಕ್ಕ. ತಮ್ಮಂದಿರೇ, ಕೋಡ್ ಹೊರಗ ಬಿಡೋ ಮೊದಲ ಲೈಸೆನ್ಸ್ ಫೈಲ್ ಹಾಕ್ರಿ. ಒಮ್ಮೆ ಎಂಐಟಿ ಅಂತ ಕೊಟ್ಟ ಪ್ರತಿ ವಾಪಸ್ ಸಿಗೂದಿಲ್ಲ.