ಮೊಡವೆಗೆ ಮಾವಿನಹಣ್ಣನ್ನ ಬೈಬೇಡಿ

ಜೂನ್ ಬಂತು ಅಂದ್ರೆ ನಮ್ಮ ಶ್ರೀನಿವಾಸಪುರದ ಕಡೆ ಮನೆಮನೇಲೂ ಮಂಕರಿ ತುಂಬ ಮಾವು. ಜತೆಗೆ ಇದೇ ಮಾತು: "ತಿನ್ನಬೇಡ್ವೇ, ಉಷ್ಣ, ಮುಖದ ತುಂಬ ಮೊಡವೆ ಏಳ್ತವೆ." ತೆಲುಗು ಮನೆಗಳಲ್ಲಿ ಮೊಟಿಮಲು ಅಂತಾರೆ, ಬೈಗುಳ ಮಾತ್ರ ಎರಡು ಭಾಷೇಲೂ ಒಂದೇ.

ಮೊನ್ನೆ ಗೌನಿಪಲ್ಲಿಗೆ ನಮ್ಮಕ್ಕನ ಮಗಳು ಬಂದಿದ್ಲು. ಪಿಯುಸಿ ಓದೋ ಹುಡುಗಿ. ಬಾದಾಮಿ ಹಣ್ಣು ಕೊಯ್ದು ತಟ್ಟೇಲಿಟ್ರೆ ಮುಟ್ಲಿಲ್ಲ. ಕಡ್ಲೆಬೀಜದ ಚಟ್ನಿ ಬೇಡ, ತುಪ್ಪ ಬೇಡ, ಮೊಟ್ಟೆ ಬೇಡ. ಬರೀ ಅನ್ನ, ತಿಳಿಸಾರು. ಮಗು ಸೊರಗಿ ಕಡ್ಡಿಯಾಗಿದೆ, ಮೊಡವೆ ಹಂಗೇ ಇವೆ. ಸಾಯಂಕಾಲ ಮಾತ್ರ ಎರಡು ಚಮಚ ಸಕ್ಕರೆ ಹಾಕಿದ ಟೀ, ಬೇಕರಿ ಬನ್ನು. ಅದಕ್ಕೆ ಯಾರ ಅಡ್ಡೀನೂ ಇಲ್ಲ! ನಾನೂ ನನ್ನ ಮಗಳಿಗೆ ಹಿಂಗೇ ಮಾಡಿದ್ದೆ, ಅದಕ್ಕೇ ಬರೀತಿದ್ದೀನಿ.

ಮೊಡವೆ ಬರೋದು ವಯಸ್ಸಿಗೆ. ಹಾರ್ಮೋನು ಏರಿ ಚರ್ಮದ ಎಣ್ಣೆ ಗ್ರಂಥಿ ಜಾಸ್ತಿ ಕೆಲಸ ಮಾಡುತ್ತೆ, ರಂಧ್ರ ಕಟ್ಕೊಳ್ಳುತ್ತೆ. ಊಟದ ಪಾತ್ರ ಇಲ್ಲ ಅಂತ ಅಲ್ಲ. ಸಕ್ಕರೆ, ಮೈದಾ ತಿಂದಾಗ ರಕ್ತದಲ್ಲಿ ಸಕ್ಕರೆ ದಬಕ್ಕನೆ ಏರುತ್ತೆ, ಅದನ್ನ ಇಳಿಸೋಕೆ ಇನ್ಸುಲಿನ್ ಏರುತ್ತೆ, ಅದು ಆ ಗ್ರಂಥೀನ ಇನ್ನೂ ಕೆಣಕುತ್ತೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊಡವೆ ಇದ್ದ ಹುಡುಗರಿಗೆ 12 ವಾರ ಇಂಥವನ್ನ ಕಡಿಮೆ ಮಾಡಿಸಿದಾಗ, ಬಿಡದೆ ಇದ್ದ ಹುಡುಗರಿಗಿಂತ ಅವರ ಮೊಡವೆ ಜಾಸ್ತಿ ಇಳಿದ್ವು. ತೂಕವೂ ಇಳಿದಿತ್ತು, ಅದ್ರಿಂದ ಪೂರಾ ಊಟದ್ದೇ ಗುಣ ಅಂತ ನಾನು ಹೇಳಲ್ಲ.

ಈಗ ಯೋಚನೆ ಮಾಡ್ರಮ್ಮ. ಬರೀ ಅನ್ನ ಉಂಡ್ರೆ ಸಕ್ಕರೆ ಬೇಗ ಏರುತ್ತೆ, ಕಾಳು, ಸೊಪ್ಪು, ಮೊಟ್ಟೆ ಜತೆಗಿದ್ರೆ ನಿಧಾನ. ಅಂದ್ರೆ ನಾವು ಬಿಡಿಸಿದ್ದೇ ಬೇಕಾದ್ದು! ಮಾವಿನ ಕಾಲ ಅಂದ್ರೆ ಸೆಕೆ, ಬೆವರು, ತೋಪಿನ ಧೂಳು, ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯೋದು. ಸಿಕ್ಕಿಬೀಳೋದು ಮಾತ್ರ ಹಣ್ಣು. ಊಟದ ಜತೆ ಒಂದು ಹಣ್ಣು ತಿನ್ಲಿ ಬಿಡಿ. ಸಕ್ಕರೆ ಸುರಿದ ಸೀಕರಣೆ ಲೋಟಗಟ್ಲೆ ಕುಡಿಯೋದು ಬೇರೆ ಮಾತು.

ಹಾಲಿನ ವಿಷಯ ಎತ್ತಿದ್ರೆ ಡೇರಿಗೆ ಹಾಲು ಹಾಕೋ ನಮ್ಮೂರಲ್ಲಿ ಕೋಪ ಬರುತ್ತೆ. ಹಾಲು ಜಾಸ್ತಿ ಕುಡಿಯೋರಲ್ಲಿ ಮೊಡವೆ ಜಾಸ್ತಿ ಕಂಡಿದ್ದು ಉಂಟು, ಎಲ್ಲರಿಗೂ ಹಂಗೇ ಅಂತಲ್ಲ. ಒಂದು ತಿಂಗಳು ಕಡಿಮೆ ಮಾಡಿ ನೋಡಬಹುದು, ಮೊಸರು, ತುಪ್ಪ ಎಲ್ಲಾ ಒಟ್ಟಿಗೆ ನಿಲ್ಲಿಸ್ಬೇಡಿ.

ನನಗೆ ನಿಜವಾಗಿ ಭಯ ಆಗೋದು ಮೆಡಿಕಲ್ ಸ್ಟೋರಲ್ಲಿ ಕೇಳಿ ತರೋ ಬಿಳುಪು ಮಾಡೋ ಕ್ರೀಮಿನದು. ಅಂಥ ಎಷ್ಟೋ ಟ್ಯೂಬಲ್ಲಿ ಸ್ಟೀರಾಯ್ಡ್ ಇರುತ್ತೆ. ವಾರದಲ್ಲಿ ಮುಖ ನುಣ್ಣಗಾಗುತ್ತೆ, ಬಿಟ್ಟ ಮೇಲೆ ಮೊದಲಿಗಿಂತ ಕೆಟ್ಟದಾಗಿ ಏಳುತ್ತೆ. ನನ್ನ ಮಗಳಿಗೆ ಆಗಿದ್ದೂ ಅದೇ, ತಂದುಕೊಟ್ಟಿದ್ದು ನಾನೇ. ಮುಟ್ಟು ಸರಿಯಾಗಿ ಆಗದೆ, ಗಲ್ಲದ ಮೇಲೆ ಕೂದಲೂ ಬರ್ತಿದ್ರೆ ಡಾಕ್ಟರಿಗೆ ತೋರಿಸಿ. ಅದನ್ನ ಉಪವಾಸದಲ್ಲಿ ವಾಸಿ ಮಾಡೋಕಾಗಲ್ಲ.

ಅಕ್ಕ ಇದನ್ನ ಓದಿದ್ರೆ ಫೋನ್ ಮಾಡಿ ಜಗಳ ಆಡ್ತಾಳೆ, ಆಡ್ಲಿ. ನಿನ್ನೆ ರಾತ್ರಿ ಮಗು ಮುದ್ದೆ, ಬಸ್ಸಾರು ಉಂಡು ಕೊನೇಗೆ ಅರ್ಧ ಹಣ್ಣು ತಿಂದ್ಲು. ಓಟೆ ನನಗೆ ಕೊಡ್ಲಿಲ್ಲ.