ಕ್ಯಾಮೆರಾ ಕಂಡದ್ದು ಯಾರಿಗೆ ಸಾಕ್ಷಿ?

ಕಳೆದ ಮಳೆಗಾಲದಲ್ಲಿ ನಮ್ಮ ಸಲಹಾ ಕೇಂದ್ರಕ್ಕೆ ಬಂದ ಹೆಣ್ಣುಮಗಳೊಬ್ಬಳು ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲನ್ನು ನನ್ನ ಮುಂದೆ ಹಿಡಿದಳು. "ಅಕ್ಕಾ, ಈ ಸಲ ಸಾಕ್ಷಿ ಇದೆ" ಎಂದಳು. ಸೈಟು ಕೊಳ್ಳಲು ತವರಿನಿಂದ ಇನ್ನಷ್ಟು ಹಣ ತರಲಿಲ್ಲವೆಂದು ಗಂಡ ಅವಳನ್ನು ನಡುಮನೆಯಲ್ಲೇ ಹೊಡೆದಿದ್ದ. ಆ ಮನೆಯಲ್ಲಿ ನಾಲ್ಕು ಕ್ಯಾಮೆರಾಗಳಿದ್ದವು, ಅದರಲ್ಲೊಂದು ನಡುಮನೆಯಲ್ಲಿ. ಅವುಗಳ ದೃಶ್ಯ ಕಾಣುತ್ತಿದ್ದದ್ದು ಗಂಡನ ಫೋನಿನಲ್ಲಿ ಮತ್ತು ನಾದಿನಿಯ ಫೋನಿನಲ್ಲಿ ಮಾತ್ರ. ನಾದಿನಿಗೆ ಏನನ್ನಿಸಿತೋ, ತನ್ನ ಫೋನಿನ ಪರದೆಯನ್ನು ಇನ್ನೊಂದು ಫೋನಿನಿಂದ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಳು. ಅದು ಇಬ್ಬರ ಕೈ ದಾಟಿ ಇವಳನ್ನು ತಲುಪಿತ್ತು.

ನೋಡಿದೆ. ಹಿಂದೆ ಕಿಟಕಿಯ ಬಿಳಿ ಬೆಳಕು, ಮುಂದೆ ಎರಡು ಕಪ್ಪು ಆಕೃತಿಗಳು. ಒಂದು ಕೈ ಮೇಲೆದ್ದಿತು, ಎದ್ದ ಕೈ ಮಸಿ ಬಳಿದಂತೆ ಕಲಸಿಹೋಯಿತು. ಠಾಣೆಯಲ್ಲಿ ಕೇಳಿದ್ದೂ ಅದನ್ನೇ: "ಇದ್ರಲ್ಲಿ ಯಾರು, ಏನು ಅಂತ ಹೇಗಮ್ಮ ಬರ್ಕೊಳ್ಳೋದು? ಬರೀ ನೆರಳಿದೆ." ರೆಕಾರ್ಡರ್ ಪೆಟ್ಟಿಗೆಯನ್ನೇ ತರಿಸಿ ಎಂದು ನಾವು ಬರೆದುಕೊಟ್ಟು, ಅದು ಬರುವ ಹೊತ್ತಿಗೆ 19 ದಿನಗಳಾಗಿದ್ದವು. ಆ ದಿನದ ದೃಶ್ಯದ ಮೇಲೆ ಹೊಸ ದೃಶ್ಯ ಬಂದು ಕೂತಿತ್ತು.

ಅಂದು ನನಗೆ ನಾಚಿಕೆಯಾಯಿತು. ಗಾಯದ ಪ್ರಮಾಣಪತ್ರ, ಮದುವೆಯ ಖರ್ಚಿನ ಪಟ್ಟಿ, ತವರಿಗೆ ಬರೆದ ಪತ್ರ, ಇವನ್ನೆಲ್ಲ ಜೋಪಾನ ಮಾಡಿರೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ನಮಗೆ ಈ ಕ್ಯಾಮೆರಾದ ವಿಷಯ ಏನೂ ತಿಳಿದಿರಲಿಲ್ಲ.

ಗೆಳತಿಯರೇ, ನಮ್ಮ ಹೋರಾಟದ ಮೊದಲ ದಿನಗಳನ್ನು ನೆನೆಯಿರಿ. ಸುಟ್ಟಗಾಯದ ವಾರ್ಡಿನ ಮುಂದೆ ನಿಂತಾಗಲೆಲ್ಲ ಕೇಳುತ್ತಿದ್ದುದು ಒಂದೇ ಕಥೆ: ಸ್ಟೌ ಸಿಡಿಯಿತು. ಅತ್ತೆ ಹಚ್ಚಿದಾಗ ಸಿಡಿಯದ ಸ್ಟೌ ಸೊಸೆ ಹಚ್ಚಿದಾಗ ಮಾತ್ರ ಹೇಗೆ ಸಿಡಿಯುತ್ತದೆ ಎಂದು ಕೇಳಿದರೆ, ನೋಡಿದವರು ಯಾರು ಎಂಬ ಮರುಪ್ರಶ್ನೆ ಬರುತ್ತಿತ್ತು. ನಾಲ್ಕು ಗೋಡೆಗಳ ನಡುವೆ ನಡೆದದ್ದಕ್ಕೆ ಸಾಕ್ಷಿ ಸಿಗುವುದಿಲ್ಲವೆಂಬುದನ್ನು ಒಪ್ಪಿಕೊಂಡೇ ಕಾನೂನು ಬದಲಾಯಿತು. 1983ರಲ್ಲಿ 498 ಎ ಬಂತು. 1986ರಲ್ಲಿ 304 ಬಿ ಬಂತು. ಮದುವೆಯಾದ ಏಳು ವರ್ಷದೊಳಗೆ ಅಸಹಜವಾಗಿ ಸತ್ತ ಹೆಣ್ಣು ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಅನುಭವಿಸಿದ್ದಳೆಂದು ತೋರಿಸಿದರೆ, ಅದು ವರದಕ್ಷಿಣೆ ಸಾವೆಂದು ನ್ಯಾಯಾಲಯ ಭಾವಿಸಬೇಕಾಯಿತು. 2024ರ ಜುಲೈ 1ರಿಂದ ಇವೇ ಮಾತುಗಳು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 80ನೇ ಕಲಮುಗಳಲ್ಲಿವೆ.

ಈಗ ಗೋಡೆಗಳಿಗೆ ಕಣ್ಣು ಬಂದಿದೆ. ಆದರೆ ಯಾರ ಕಣ್ಣು? ಕಳ್ಳರ ಭಯಕ್ಕೆಂದು ಗೇಟಿಗೆ ಹಾಕಿದ ಕ್ಯಾಮೆರಾ, ಮಗುವಿನ ನೆಪದಲ್ಲಿ ನಡುಮನೆಗೂ ಅಡುಗೆಮನೆಯ ಬಾಗಿಲಿಗೂ ಬರುತ್ತದೆ. ಸೊಸೆ ಎಷ್ಟು ಹೊತ್ತು ಫೋನಿನಲ್ಲಿದ್ದಳು, ತವರಿನವರು ಎಷ್ಟು ಗಂಟೆಗೆ ಬಂದರು ಎಂಬ ಲೆಕ್ಕ ಕಚೇರಿಯಲ್ಲಿ ಕೂತ ಗಂಡನಿಗೆ ಸಿಗುತ್ತದೆ. ಪಾಸ್‌ವರ್ಡ್ ಅವನದು. ಅವಳು ಕಾಣಿಸುತ್ತಾಳೆ, ಅವಳಿಗೆ ಮಾತ್ರ ಏನೂ ಕಾಣಿಸುವುದಿಲ್ಲ. ಆದ್ದರಿಂದ ನಮ್ಮ ಮೊದಲ ಬೇಡಿಕೆ ಇದು: ಹೆಣ್ಣು ಬಾಳುವ ಮನೆಯಲ್ಲಿ ಕ್ಯಾಮೆರಾ ಇದ್ದರೆ ಅದರ ಪಾಸ್‌ವರ್ಡ್ ಅವಳ ಬಳಿಯೂ ಇರಬೇಕು.

ಇನ್ನು ಸ್ಪಷ್ಟತೆಯ ಮಾತು. ಇದನ್ನು ಗಂಡನ ಮನೆಯಲ್ಲಿರುವವರು ಮಾತ್ರವಲ್ಲ, ಅಳಿಯ ಬಂದು ಗಲಾಟೆ ಮಾಡುವ ತವರುಮನೆಯವರು, ರಕ್ಷಣಾ ಆದೇಶ ಪಡೆದು ಬೇರೆ ವಾಸವಿರುವವರು, ಎದುರುಮನೆಯ ಕೂಗಾಟ ಕೇಳಿಸಿಕೊಳ್ಳುವ ನೆರೆಯವರು ಎಲ್ಲರೂ ತಿಳಿದಿರಬೇಕು.

ಕ್ಯಾಮೆರಾ ಕಿಟಕಿಗೋ ಬಾಗಿಲಿಗೋ ಎದುರಾಗಿದ್ದರೆ ಮುಖ ಕಪ್ಪಾಗುತ್ತದೆ. ದಿಕ್ಕು ಬದಲಿಸಬೇಕು, ಆಗದಿದ್ದರೆ ಬೆಳಕು ನೆರಳನ್ನು ಸರಿದೂಗಿಸುವ ಡಬ್ಲ್ಯು.ಡಿ.ಆರ್. ಎಂಬ ಸೌಲಭ್ಯವನ್ನು ಚಾಲೂ ಮಾಡಿಸಬೇಕು. ತೀರ ಎತ್ತರದಲ್ಲಿದ್ದರೆ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಇಡೀ ಅಂಗಳ ಒಂದೇ ಚಿತ್ರದಲ್ಲಿ ಬರಲಿ ಎಂದು ಅಗಲ ನೋಟದ ಲೆನ್ಸ್ ಹಾಕಿಸುವುದೂ ತಪ್ಪೇ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ ಇರುವುದು 1920 ಚುಕ್ಕಿಗಳು. ಅವು 12 ಮೀಟರ್ ಅಗಲದ ಜಾಗಕ್ಕೆ ಹಂಚಿಹೋದರೆ ಒಂದು ಮುಖಕ್ಕೆ ಸಿಗುವುದು ಸುಮಾರು 25 ಚುಕ್ಕಿ. ಹಗಲಿನಲ್ಲಿ ಗುರುತಿನವರನ್ನು ಗುರುತಿಸಬಹುದು, ರಾತ್ರಿ ಅದೂ ಕಷ್ಟ. ಗೇಟು ಅಥವಾ ಬಾಗಿಲಿನಂಥ ಒಂದು ಕಿರಿದಾದ ಜಾಗವನ್ನು ಒಂದು ಕ್ಯಾಮೆರಾ ಚೆನ್ನಾಗಿ ಹಿಡಿದರೆ ಸಾಕು.

ರಾತ್ರಿ ಕೈಯಾಡಿಸಿದ್ದು ಕಲಸಿಹೋಗಲು ಮುಖ್ಯ ಕಾರಣ ಬೆಳಕಿನ ಕೊರತೆ. ಕತ್ತಲಲ್ಲಿ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಕೈ ಸರಿದಿರುತ್ತದೆ. ಬಾಗಿಲ ಬಳಿ ಒಂದು ದೀಪ ರಾತ್ರಿಯೆಲ್ಲ ಉರಿಯಲಿ. ಲೆನ್ಸಿನ ಮೇಲೆ ಕೂತ ಧೂಳು, ಒಗ್ಗರಣೆಯ ಜಿಡ್ಡು, ಜೇಡರ ಬಲೆ ಇವು ಕ್ಯಾಮೆರಾದ್ದೇ ಕೆಂಪುಬೆಳಕನ್ನು ಹಿಂದಕ್ಕೆ ಎಸೆದು ಚಿತ್ರವನ್ನು ಮಂಜಾಗಿಸುತ್ತವೆ. ತಿಂಗಳಿಗೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸಿ.

ಎಲ್ಲಕ್ಕಿಂತ ದೊಡ್ಡ ತಪ್ಪು ನಕಲು ತೆಗೆಯುವಲ್ಲಿ ಆಗುತ್ತದೆ. ಸಾಮಾನ್ಯವಾಗಿ ಪೆಟ್ಟಿಗೆಯೊಳಗೆ ಉಳಿಯುವುದು ಪೂರ್ಣ ಚಿತ್ರ, ಮೊಬೈಲಿಗೆ ಬರುವುದು ಡೇಟಾ ಉಳಿಸಲು ತೆಳುಮಾಡಿದ ಪ್ರತಿ. ಆ ತೆಳು ಪ್ರತಿಯನ್ನು ಇನ್ನೊಂದು ಫೋನಿನಿಂದ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಮತ್ತೂ ಕುಗ್ಗುತ್ತದೆ. ಪೆಟ್ಟಿಗೆಗೇ ಪೆನ್‌ಡ್ರೈವ್ ಹಾಕಿ ನಕಲು ತೆಗೆಯಿರಿ. ಕಳಿಸಲೇಬೇಕಾದರೆ ವಿಡಿಯೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಮಂಕಾದ ಚಿತ್ರವನ್ನು ಚೆಂದಗೊಳಿಸುವ ಆ್ಯಪ್‌ಗಳನ್ನು ಮುಟ್ಟಬೇಡಿ. ಅವು ಇಲ್ಲದ ಕಣ್ಣು ಮೂಗನ್ನು ತಾವೇ ಬರೆದು ತುಂಬುತ್ತವೆ, ನಿಜವಾದ ಸಾಕ್ಷಿಯೂ ಸುಳ್ಳಾಗುತ್ತದೆ. ಪೆಟ್ಟಿಗೆಯ ಗಡಿಯಾರ ತಪ್ಪಿದ್ದರೆ ಘಟನೆಯ ನಂತರ ತಿದ್ದಲು ಹೋಗಬೇಡಿ. ಎಷ್ಟು ನಿಮಿಷದ ವ್ಯತ್ಯಾಸವಿದೆಯೆಂದು ಬರೆದಿಡಿ.

ತಡ ಮಾಡುವಂತಿಲ್ಲ. ನಾಲ್ಕು ಕ್ಯಾಮೆರಾಗಳು ಸೆಕೆಂಡಿಗೆ ಎರಡೆರಡು ಮೆಗಾಬಿಟ್‌ನಂತೆ ಬಿಡದೆ ದಾಖಲಿಸಿದರೆ ದಿನಕ್ಕೆ ಸುಮಾರು 86 ಜಿ.ಬಿ. ಬೇಕು. ಒಂದು ಟಿ.ಬಿ. ಡಿಸ್ಕು ಹನ್ನೊಂದು ದಿನಕ್ಕೆ ತುಂಬಿ, ಹಳೆಯದನ್ನು ಅಳಿಸತೊಡಗುತ್ತದೆ. ನಮ್ಮ ಹುಡುಗಿಯ 19 ದಿನಗಳ ಲೆಕ್ಕ ಇಷ್ಟೇ. ಆದ್ದರಿಂದ ದೂರಿನ ಮೊದಲ ಪುಟದಲ್ಲೇ ಕ್ಯಾಮೆರಾ ಇದೆಯೆಂದು ಬರೆಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಠಾಣಾಧಿಕಾರಿ ಇಂಥ ಉಪಕರಣವನ್ನು ಹಾಜರುಪಡಿಸಲು ಆದೇಶಿಸಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ ಹಾಕುವಾಗಲೇ ರೆಕಾರ್ಡಿಂಗ್ ಅಳಿಸಕೂಡದೆಂಬ ಮಧ್ಯಂತರ ಆದೇಶವನ್ನೂ ಕೇಳಿ. ನಕಲನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಭಯವನ್ನೂ ಹೇಳಬೇಕು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಗಂಡ ಹೆಂಡಿರ ನಡುವಿನ ವಿಚ್ಛೇದನದ ಮೊಕದ್ದಮೆಯಲ್ಲಿ ಗುಟ್ಟಾಗಿ ದಾಖಲಿಸಿದ ಸಂಭಾಷಣೆಯನ್ನು ಸಾಕ್ಷ್ಯವಾಗಿ ಪಡೆಯಬಹುದೆಂದಿತು. ನಮ್ಮಲ್ಲಿ ಹಲವರು ಇದನ್ನು ಸ್ವಾಗತಿಸಿದರು. ಆದರೆ ಆ ಮೊಕದ್ದಮೆಯಲ್ಲಿ ಗುಟ್ಟಾಗಿ ದಾಖಲಿಸಿದವನು ಗಂಡ, ದಾಖಲಾದದ್ದು ಹೆಂಡತಿಯ ಮಾತು. ಮನೆಯ ಯಂತ್ರಗಳೆಲ್ಲ ಯಾರ ಕೈಯಲ್ಲಿವೆಯೋ ಅವರಿಗೇ ಇಂಥ ತೀರ್ಪಿನ ಲಾಭ ಮೊದಲು ಸಿಗುತ್ತದೆ.

ಇನ್ನೊಂದು ಭಯ ಇದಕ್ಕಿಂತ ದೊಡ್ಡದು. "ವಿಡಿಯೋ ಇದೆಯಾ?" ಎಂಬ ಪ್ರಶ್ನೆ ಈಗ ದೂರು ಕೇಳುವವರ ಮೊದಲ ಪ್ರಶ್ನೆಯಾಗುತ್ತಿದೆ. ಇದ್ದರೆ ಸ್ಪಷ್ಟವಿಲ್ಲ, ಸ್ಪಷ್ಟವಿದ್ದರೆ ಧ್ವನಿಯಿಲ್ಲ. ಬೈಗುಳ, ಉಪವಾಸ ಕೆಡವುವುದು, ಸಂಬಳ ಕಿತ್ತುಕೊಳ್ಳುವುದು ಇವು ಯಾವ ಕ್ಯಾಮೆರಾಕ್ಕೂ ಬೀಳುವುದಿಲ್ಲ. ಕ್ಯಾಮೆರಾ ಕೊಳ್ಳಲಾಗದ ಕೂಲಿ ಹೆಣ್ಣಿನ ಮಾತಿಗೆ ಬೆಲೆಯೇ ಇಲ್ಲವೆ? ವರದಕ್ಷಿಣೆಗಾಗಿ ಹಿಂಸೆ ಅನುಭವಿಸಿ ಕೊಲೆಯಾದ ಹೆಣ್ಣಿನ ಪ್ರಕರಣವೊಂದರಲ್ಲಿ, 2006ರ ತ್ರಿಮುಖ್ ಮಾರುತಿ ಕಿರ್ಕನ್ ತೀರ್ಪಿನಲ್ಲಿ, ಮನೆಯೊಳಗೆ ನಡೆದ ಅಪರಾಧಕ್ಕೆ ಮನೆಯವರೇ ವಿವರಣೆ ಕೊಡಬೇಕು, ಮೌನವಾಗಿದ್ದು ಪಾರಾಗುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿದೆ. ವಿಡಿಯೋ ಬಂದಿತೆಂದು ಈ ನೆಲವನ್ನು ನಾವು ಬಿಟ್ಟುಕೊಡಬಾರದು. ಸಾಕ್ಷಿಗಾಗಿ ಹೊಡೆತ ತಿನ್ನುತ್ತ ಕ್ಯಾಮೆರಾದ ಮುಂದೆ ನಿಲ್ಲಿರೆಂದು ಯಾರಿಗೂ ಹೇಳಬಾರದು. ಮೊದಲು ಜೀವ, ಆಮೇಲೆ ಚಿತ್ರ.

ಆ ಹುಡುಗಿಯ ಮೊಕದ್ದಮೆ ನಡೆಯುತ್ತಿದೆ. ವಿಡಿಯೋ ನಿಲ್ಲುವುದೋ ಇಲ್ಲವೋ ಗೊತ್ತಿಲ್ಲ. ಆದರೆ ವೈದ್ಯರು ಬರೆದ ಗಾಯದ ವಿವರ ಇದೆ, ಅಂದೇ ಅಮ್ಮನಿಗೆ ಫೋನಿನಲ್ಲಿ ಹೇಳಿದ ಮಾತಿದೆ. ನಾದಿನಿ ಸಾಕ್ಷಿ ಹೇಳಲು ಒಪ್ಪಿದ್ದಾಳೆ. "ನಾನು ನನ್ನ ಕಣ್ಣಾರೆ ಕಂಡಿದ್ದೀನಿ, ಅದನ್ನ ಯಾರೂ ಅಳಿಸಕ್ಕಾಗಲ್ಲ" ಎಂದಳು. ಇಂಥ ಕಣ್ಣುಗಳು ಪ್ರತಿ ಮನೆಯಲ್ಲೂ ತೆರೆಯುವವರೆಗೆ ನಮ್ಮ ಕೆಲಸ ಮುಗಿಯುವುದಿಲ್ಲ.