ಮರೆಯದೆ ಉಳಿದವರು

ಮಕ್ಕಳಿಗಾಗಿ ಬರೆದ ಕಥೆಗಳಲ್ಲಿ ದೊಡ್ಡದೊಂದು ಪಾಲು ಒಳ್ಳೆಯ ಮಕ್ಕಳ ಕಥೆಗಳೇ ಆಗಿವೆ. ಆ ಮಕ್ಕಳು ಸೂರ್ಯನಿಗಿಂತ ಮೊದಲೇ ಏಳುತ್ತಾರೆ. ಹಿರಿಯರ ಮಾತನ್ನು ಮೀರುವುದಿಲ್ಲ. ದಾರಿಯಲ್ಲಿ ಸಿಕ್ಕಿದ ಹಣದ ಚೀಲವನ್ನು ಒಡೆಯನಿಗೆ ಮುಟ್ಟಿಸಿ ಬಹುಮಾನ ಪಡೆಯುತ್ತಾರೆ. ಅವರ ಗುಣವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅವರಲ್ಲಿ ಒಬ್ಬನ ಹೆಸರನ್ನಾದರೂ ಹೇಳಿರೆಂದು ಕೇಳಿದರೆ ನಾವು ತಡವರಿಸುತ್ತೇವೆ. ಕಥೆ ಮುಗಿಯುವಷ್ಟರಲ್ಲಿ ನೀತಿ ಉಳಿದು ಹುಡುಗ ಕಾಣೆಯಾಗಿರುತ್ತಾನೆ. ಮನೆ ಬಿಟ್ಟು ಓಡಿದವರು, ಶಾಲೆ ತಪ್ಪಿಸಿಕೊಂಡವರು, ಸುಳ್ಳು ಹೇಳಿ ಸಿಕ್ಕಿಬಿದ್ದವರು ಮಾತ್ರ ನೂರು ವರ್ಷ ಕಳೆದರೂ ಕೂಗಿದರೆ ಓಗೊಡುವಷ್ಟು ಸಮೀಪದಲ್ಲಿದ್ದಾರೆ. ಇದು ಎಳೆಯರ ಅಭಿರುಚಿಯ ದೋಷವೆಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ.

ಇಟಲಿ ದೇಶದ ಪಿನೋಕಿಯೋ ಎಂಬ ಕಟ್ಟಿಗೆಯ ಬೊಂಬೆಯನ್ನೇ ನೋಡೋಣ. ಕಾರ್ಲೋ ಲೊರೆಂಜಿನಿ ಎಂಬ ಪತ್ರಕರ್ತನು ತನ್ನ ತಾಯಿಯ ಊರಾದ ಕೊಲ್ಲೋಡಿಯ ಹೆಸರನ್ನು ಕಾವ್ಯನಾಮವಾಗಿ ಇಟ್ಟುಕೊಂಡು, 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಈ ಕಥೆಯನ್ನು ಕಂತುಕಂತಾಗಿ ಬರೆಯತೊಡಗಿದನು. ಬಡ ಮುದುಕ ಜೆಪೆತ್ತೋ ಮರದ ತುಂಡೊಂದರಿಂದ ಬೊಂಬೆಯನ್ನು ಕೆತ್ತುತ್ತಾನೆ. ಕಾಲು ಮೂಡಿದ ಗಳಿಗೆಯಲ್ಲೇ ಅದು ಬೀದಿಗೆ ಓಡುತ್ತದೆ. ಮುಂದೆ ಆ ಮುದುಕನು ಮೈಮೇಲಿದ್ದ ಹಳೆಯ ಕೋಟನ್ನು ಮಾರಿ, ಹಿಮ ಬೀಳುತ್ತಿದ್ದ ಚಳಿಯಲ್ಲಿ ಬರಿಯ ಅಂಗಿಯಲ್ಲಿ ಮನೆಗೆ ಮರಳಿ, ಅದಕ್ಕೊಂದು ಅಕ್ಷರಮಾಲೆಯ ಪುಸ್ತಕವನ್ನು ತಂದುಕೊಡುತ್ತಾನೆ. ಪಿನೋಕಿಯೋ ಅವನನ್ನು ತಬ್ಬಿ ಮುದ್ದಿಟ್ಟು ಶಾಲೆಗೆ ಹೊರಡುತ್ತಾನೆ. ದಾರಿಯಲ್ಲಿ ವಾದ್ಯದ ಸದ್ದು ಕೇಳಿಸುತ್ತದೆ. ಬೊಂಬೆಯಾಟ ನೋಡುವ ಆಸೆಗೆ ಆ ಪುಸ್ತಕವನ್ನು ನಾಲ್ಕು ಕಾಸಿಗೆ ಮಾರಿಬಿಡುತ್ತಾನೆ. ಓದುವಾಗ ನಮಗೆ ಕೋಪ ಬರುತ್ತದೆ, ನಿಜ. ಆದರೆ ಆ ವಾದ್ಯದ ಸದ್ದು ನಮ್ಮ ಕಿವಿಗೂ ಬಿದ್ದಿರುತ್ತದೆ.

ಅದೇ ಮನೆಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವಾಸವಾಗಿದ್ದ ಒಂದು ಮಾತನಾಡುವ ಮಿಡತೆ ಪಿನೋಕಿಯೋವಿಗೆ ಬುದ್ಧಿ ಹೇಳುತ್ತದೆ. ಅದು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೂ ಸಿಟ್ಟಿಗೆದ್ದ ಬೊಂಬೆ ಎಸೆದ ಮರದ ಸುತ್ತಿಗೆ ತಗಲಿ ಅದು ಗೋಡೆಗಂಟಿ ಸಾಯುತ್ತದೆ. 1940ರಲ್ಲಿ ವಾಲ್ಟ್ ಡಿಸ್ನಿಯ ಸಂಸ್ಥೆ ಈ ಕಥೆಯನ್ನು ಚಲನಚಿತ್ರ ಮಾಡಿದಾಗ ಮಿಡತೆಯನ್ನು ಸಾಯಗೊಡದೆ, ತಲೆಗೆ ಟೋಪಿ ತೊಡಿಸಿ, ಬೊಂಬೆಯ ಜೊತೆಗಾರನನ್ನಾಗಿ ಮಾಡಿತು. ಚಿತ್ರ ಸೊಗಸಾಗಿದೆ, ಕೊಲ್ಲೋಡಿಯ ಧೈರ್ಯ ಮಾತ್ರ ಅದರಲ್ಲಿಲ್ಲ.

ಕೊಲ್ಲೋಡಿಯೂ ಮೊದಲು ಈ ಕಥೆಯನ್ನು ಕಠೋರವಾದ ನೀತಿಕಥೆಯಾಗಿಯೇ ಮುಗಿಸಿದ್ದನು. 1881ರ ಅಕ್ಟೋಬರ್ ತಿಂಗಳ ಕಂತಿನಲ್ಲಿ ಕಳ್ಳರು ಪಿನೋಕಿಯೋವನ್ನು ಓಕ್ ಮರದ ಕೊಂಬೆಗೆ ನೇಣು ಹಾಕುತ್ತಾರೆ; ಅಲ್ಲಿಗೆ ಕಥೆಯೂ ಮುಗಿಯುತ್ತದೆ. ಹಿರಿಯರ ಲೆಕ್ಕದಲ್ಲಿ ತಪ್ಪಿಗೆ ತಕ್ಕ ಶಿಕ್ಷೆಯಾದಂತಾಯಿತು. ಓದುತ್ತಿದ್ದ ಮಕ್ಕಳು ಇದನ್ನು ಒಪ್ಪಲಿಲ್ಲ. ಓದುಗರ ಒತ್ತಾಯಕ್ಕೆ ಮಣಿದು 1882ರ ಫೆಬ್ರುವರಿಯಲ್ಲಿ ಕಥೆ ಮುಂದುವರಿಯಿತು; 1883ರಲ್ಲಿ ಪುಸ್ತಕವಾಗಿ ಹೊರಬಂದಿತು. ಹಾಗೆ ಮುಂದುವರಿದ ಭಾಗದ ಕೊನೆಯಲ್ಲಿ, ಕಾಯಿಲೆ ಬಿದ್ದ ಮುದುಕನಿಗೆ ಒಂದು ಲೋಟ ಹಾಲು ಬೇಕೆಂದು ಅದೇ ಪಿನೋಕಿಯೋ ನೂರು ಬಕೆಟ್ ನೀರನ್ನು ಸೇದುತ್ತಾನೆ. ಹೊಸ ಉಡುಪಿಗೆಂದು ಕೂಡಿಟ್ಟುಕೊಂಡಿದ್ದ ನಲವತ್ತು ಕಾಸನ್ನು, ತನ್ನನ್ನು ಸಲಹಿದ ಯಕ್ಷಿಣಿ ಆಸ್ಪತ್ರೆಯಲ್ಲಿದ್ದಾಳೆಂದು ಕೇಳಿದೊಡನೆ ಕೊಟ್ಟುಬಿಡುತ್ತಾನೆ. ಪುಸ್ತಕವನ್ನು ಮಾರಿದ ಕೈಯೇ ಕೊಟ್ಟಿತೆಂಬುದರಿಂದ ಆ ಕಾಸಿಗೆ ಬೆಲೆ ಬಂದಿದೆ. ಎಂದೂ ತಪ್ಪದ ಹುಡುಗನು ಅದನ್ನು ಕೊಟ್ಟಿದ್ದರೆ ನಾವು ತಲೆದೂಗಿ ಪುಟ ತಿರುವುತ್ತಿದ್ದೆವು.

ತುಂಟರ ಕಥೆಯನ್ನೋದಿದವರು ತುಂಟರಾಗುವರೆಂಬ ಭಯ ಹಿರಿಯರಿಗೆ ಹೊಸದಲ್ಲ. ಮಾರ್ಕ್ ಟ್ವೇನ್ ಬರೆದ ಹಕಲ್‌ಬೆರಿ ಫಿನ್‌ನ ಕಥೆ 1885ರಲ್ಲಿ ಅಮೆರಿಕದಲ್ಲಿ ಪ್ರಕಟವಾದಾಗ, ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಗ್ರಂಥಾಲಯ ಅದೇ ವರ್ಷ ಅದನ್ನು ಹೊರಗಿಟ್ಟಿತು. ಹಕ್ ಕುಡುಕನ ಮಗ; ಒರಟ; ಸುಳ್ಳು ಅವನ ನಾಲಗೆಯ ತುದಿಯಲ್ಲೇ ಇರುತ್ತದೆ. ಒಡತಿಯ ಮನೆಯಿಂದ ತಪ್ಪಿಸಿಕೊಂಡ ಜಿಮ್ ಎಂಬ ಕರಿಯ ಗುಲಾಮನೊಡನೆ ಅವನು ಮಿಸಿಸಿಪ್ಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುತ್ತಾನೆ. ಗುಲಾಮನೆಂದರೆ ಒಡೆಯನ ಸೊತ್ತು, ಅವನಿಗೆ ನೆರವಾಗುವುದು ಕಳ್ಳತನಕ್ಕೆ ಸಮ, ಅದಕ್ಕೆ ನರಕವೇ ಶಿಕ್ಷೆ ಎಂದು ಊರಿನ ಸಭ್ಯರೆಲ್ಲ ಅವನಿಗೆ ಕಲಿಸಿದ್ದಾರೆ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದುದು 1865ರಲ್ಲಿ. ಕಥೆ ಅದಕ್ಕೂ ಹಿಂದಿನ ಕಾಲದ್ದು. ಜಿಮ್ ಎಲ್ಲಿದ್ದಾನೆಂದು ತಿಳಿಸಿ ಹಕ್ ಒಡತಿಗೆ ಕಾಗದ ಬರೆಯುತ್ತಾನೆ. ಬರೆದೊಡನೆ ಪಾಪ ತೊಳೆದುಹೋದಂತೆ ಹಗುರವಾಗುತ್ತದೆ. ಅನಂತರ ತೆಪ್ಪದ ಮೇಲಿನ ರಾತ್ರಿಗಳು ನೆನಪಾಗುತ್ತವೆ. ತನ್ನ ನಿದ್ದೆ ಕೆಡದಿರಲೆಂದು ತನ್ನ ಸರದಿಯ ಕಾವಲನ್ನೂ ಜಿಮ್ ಕಾದದ್ದು ನೆನಪಾಗುತ್ತದೆ. ನರಕಕ್ಕೆ ಹೋದರೂ ಸರಿಯೆಂದು ಅವನು ಕಾಗದವನ್ನು ಹರಿದುಹಾಕುತ್ತಾನೆ.

ಹೇಳಿದಂತೆ ಕೇಳುವ ಹುಡುಗನಾಗಿದ್ದರೆ ಆ ಕಾಗದ ಅಂಚೆಗೆ ಹೋಗುತ್ತಿತ್ತು. ಇದನ್ನು ಯೋಚಿಸಿದರೆ, ವಿಧೇಯತೆಯೊಂದನ್ನೇ ಗುಣವೆಂದು ಕಲಿಸುವ ಪುಸ್ತಕಗಳ ಬಗ್ಗೆ ನನಗೆ ಅಂಜಿಕೆಯಾಗುತ್ತದೆ. ಈ ಗ್ರಂಥದಲ್ಲಿ ಕರಿಯರನ್ನು ಕುರಿತು ಹೀನವಾದ ಪದ ಮತ್ತೆ ಮತ್ತೆ ಬರುತ್ತದೆ. ಕೊನೆಯ ಭಾಗದಲ್ಲಿ ಜಿಮ್‌ನ ಸಂಕಟ ನಗೆಯಾಟವಾಗಿಬಿಟ್ಟಿದೆ. ಇದನ್ನು ಆಕ್ಷೇಪಿಸುವವರ ಮಾತಿನಲ್ಲಿ ತಥ್ಯವಿದೆ. ಕಾಗದವನ್ನು ಹರಿದ ಆ ಗಳಿಗೆ ಅದರಿಂದ ಕುಂದುವುದಿಲ್ಲ.

ಜಾಣರಾದ ಓದುಗರು ಇಲ್ಲಿ ನನ್ನನ್ನು ತಡೆದು, ಪುಣ್ಯಕೋಟಿಯ ಮಾತೇನೆಂದು ಕೇಳಬಹುದು. ಕನ್ನಡ ನಾಡಿನ ಮಕ್ಕಳು ತಲೆಮಾರುಗಳಿಂದ ಕೇಳುತ್ತ ಬಂದ ಗೋವಿನ ಹಾಡಿನ ಆ ಹಸುವಿನಲ್ಲಿ ಒಂದು ಕುಂದೂ ಇಲ್ಲ. ಆದರೂ ಅದನ್ನು ಮರೆತವರಿಲ್ಲ. ಕೇಳತಕ್ಕ ಪ್ರಶ್ನೆಯೇ. ಆದರೆ ಪುಣ್ಯಕೋಟಿಯ ಸತ್ಯ ಸುಲಭವಾಗಿ ಬಂದದ್ದಲ್ಲವೆಂಬುದನ್ನು ಗಮನಿಸಿರಿ. ಹಾಲು ಕುಡಿಯುವ ಕರು ಹೋಗಬೇಡವೆಂದು ಮುಂದೆ ನಿಂತಿದೆ. ದೊಡ್ಡಿಯಲ್ಲಿ ಉಳಿದುಬಿಟ್ಟರೆ ತಡೆಯುವವರಿಲ್ಲ. ಉಳಿಯುವ ದಾರಿ ತೆರೆದೇ ಇರುವುದರಿಂದ ಅದು ಬೆಟ್ಟದ ಕಡೆಗೆ ಹೊರಟಾಗ ನಮ್ಮ ಕೊರಳು ಬಿಗಿಯುತ್ತದೆ. ಇನ್ನು ಆ ಹುಲಿ! ಹಸಿದ ಮೃಗವೊಂದು ಬಾಯಿಗೆ ಬಂದ ಆಹಾರವನ್ನು ಬಿಟ್ಟು, ತನ್ನ ಬಾಳಿಗೇ ನಾಚಿ ಪ್ರಾಣ ಬಿಡುತ್ತದೆ. ನನ್ನ ಮಟ್ಟಿಗೆ ಹಸುವಿಗಿಂತ ಹುಲಿಯೇ ಹೆಚ್ಚು ಕಾಡುತ್ತದೆ. ಗುಣವಂತರೋ ತುಂಟರೋ ಎಂಬುದು ಮುಖ್ಯವಲ್ಲ. ಎರಡು ದಾರಿಗಳು ಕೂಡುವಲ್ಲಿ ನಿಂತು, ಕಳೆದುಕೊಳ್ಳುವುದೇನೆಂದು ತಿಳಿದೂ ಒಂದನ್ನು ಹಿಡಿಯುವವರು ನೆನಪಿನಲ್ಲಿ ನಿಲ್ಲುತ್ತಾರೆಂದು ನಾನು ನಂಬುತ್ತೇನೆ.

ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ಸ್ವಾಮಿಯನ್ನು ನಮ್ಮ ನಾಡಿನ ಅನೇಕರು ಪುಸ್ತಕಕ್ಕಿಂತ ಮೊದಲು ದೂರದರ್ಶನದಲ್ಲಿ ಕಂಡರು. 1980ರ ದಶಕದಲ್ಲಿ ಶಂಕರ್ ನಾಗ್ ಅವನ ಮಾಲ್ಗುಡಿಯನ್ನು ಆಗುಂಬೆಯಲ್ಲಿ ನಿಲ್ಲಿಸಿದರು. 1935ರಲ್ಲಿ ಪ್ರಕಟವಾದ ಆ ಕಾದಂಬರಿ ಮಕ್ಕಳಿಗೆಂದೇ ಬರೆದುದಲ್ಲ. ಮಕ್ಕಳು ಅದನ್ನು ತಮ್ಮದಾಗಿ ಮಾಡಿಕೊಂಡರು. ಸ್ವಾಮಿ ಶಾಲೆಯ ಕಿಟಕಿಗೆ ಕಲ್ಲೆಸೆಯುತ್ತಾನೆ; ಮತ್ತೊಂದು ಶಾಲೆಯಿಂದ ಓಡಿಹೋಗಿ ಕಾಡಿನಲ್ಲಿ ದಾರಿ ತಪ್ಪುತ್ತಾನೆ; ಅವನಿಲ್ಲದೆ ಗೆಳೆಯರು ಕ್ರಿಕೆಟ್ ಪಂದ್ಯವನ್ನು ಸೋಲುತ್ತಾರೆ. ತಂಡದ ನಾಯಕನಾದ ರಾಜಂ ಅವನೊಡನೆ ಮಾತು ಬಿಡುತ್ತಾನೆ. ತಂದೆಗೆ ವರ್ಗವಾಗಿ ರಾಜಂ ಊರು ಬಿಡುವ ದಿನ ಸ್ವಾಮಿ ಮುಂಜಾನೆಯೇ ರೈಲು ನಿಲ್ದಾಣಕ್ಕೆ ಹೋಗುತ್ತಾನೆ. ಅವನ ಕೈಯಲ್ಲಿ ಆಂಡರ್ಸನನ ಮಕ್ಕಳ ಕಥೆಗಳ ಪುಸ್ತಕವಿದೆ. ಕೊಡಲು ಧೈರ್ಯ ಬಾರದು. ಬಂಡಿ ಹೊರಟಾಗ ಗೆಳೆಯ ಮಣಿ ಆ ಪುಸ್ತಕವನ್ನು ಹೇಗೋ ರಾಜಂಗೆ ಮುಟ್ಟಿಸುತ್ತಾನೆ. ರಾಜಂ ಏನೋ ಹೇಳುತ್ತಾನೆ, ರೈಲಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಅವನು ಕಾಗದ ಬರೆಯುವನೆಂದು ಮಣಿ ಸಮಾಧಾನ ಹೇಳುತ್ತಾನೆ. ಅದು ನಿಜವೋ ಎಂದು ಸ್ವಾಮಿ ಅವನ ಮುಖವನ್ನು ದಿಟ್ಟಿಸಿ ನೋಡುತ್ತಾನೆ. ಆ ಮುಖದಿಂದ ಏನೂ ತಿಳಿಯುವುದಿಲ್ಲ.